ಸುಂಕದ ಕಟ್ಟೆಯಲ್ಲಿ ನಾಗವರ್ಮ

ತರಗತಿಯಲ್ಲಿ ಶಾಸನಪಾಠ ನಡೆಯುವಾಗ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳ ಹೆಸರು ಬಂದರೆ ಹುಡುಗರು ಆಕಳಿಸುತ್ತಾರೆ. ಬಜಪೆಯ ಬಳಿ ಸುಂಕದಕಟ್ಟೆ ಎಂದೇ ಒಂದು ಊರಿದೆ. ಅಲ್ಲಿಂದ ಬರುವ ಹುಡುಗರಿಗೂ ಆ ಹೆಸರಿನೊಳಗೆ ಸುಂಕ ಕಾಣದು. ನನಗೆ ಅದು ಕಂಡದ್ದು ಹೋದ ವರ್ಷ, ಒಂದು ಪುಸ್ತಕದ ದೆಸೆಯಿಂದ.

ಕಿಟ್ಟೆಲರು ಸಂಪಾದಿಸಿದ ನಾಗವರ್ಮನ ಛಂದೋಂಬುಧಿ, 1875ರ ಮುದ್ರಣ, ಜರ್ಮನಿಯ ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬನ ಅಂತರ್ಜಾಲದ ಅಂಗಡಿಯಲ್ಲಿ ಸಿಕ್ಕಿತು. ಅಚ್ಚಾದದ್ದು ಇಲ್ಲೇ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ನಾನಿರುವ ಶಕ್ತಿನಗರದಿಂದ ಬಲ್ಮಠಕ್ಕೆ ಎಷ್ಟು ದೂರ? ಬಸ್ಸು ಹತ್ತಿದರೆ ಒಂದು ಎಲೆಯಡಿಕೆ ಮುಗಿಯುವುದರೊಳಗೆ ಮುಟ್ಟಬಹುದು. ತರಿಸಿದ್ದು ನನಗಾಗಿಯಲ್ಲ. ನನಗೆ ಛಂದಸ್ಸು ಕಲಿಸಿದ ಗುರುಗಳಿಗೆ ಎಂಬತ್ತಾರು ವರ್ಷ. ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಆ ಮುದ್ರಣವನ್ನೊಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಹಳೆಯ ಆಸೆ.

ಹಣ ಕಟ್ಟಿದೊಡನೆ ಒಂದು ಸಂಖ್ಯೆ ಬಂತು: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶವನ್ನು ಸೂಚಿಸುವ ಮತ್ತೆರಡು ಅಕ್ಷರ. ಒಟ್ಟು ಹದಿಮೂರು. ನಾಗವರ್ಮನನ್ನು ಕೇಳಿದ್ದರೆ ಅತಿಜಗತಿ ಛಂದಸ್ಸು ಎನ್ನುತ್ತಿದ್ದ. ಆ ವೃತ್ತ ಒಂದು ವಾರದಲ್ಲೇ ಭಾರತಕ್ಕೆ ಬಂದಿಳಿಯಿತು. ಆಮೇಲೆ ‘ಸುಂಕದ ಪರಿಶೀಲನೆಯಲ್ಲಿದೆ’ ಎಂಬ ಒಂದೇ ಸಾಲಿನಲ್ಲಿ ಯತಿ ಬಿದ್ದು, ಏಳು ವಾರ ಅಲ್ಲೇ ನಿಂತಿತು.

ಈ ಊರಿನ ವಿಮಾನನಿಲ್ದಾಣದಲ್ಲಿ ಚಿನ್ನ ಹಿಡಿದ ಸುದ್ದಿಯನ್ನು ಓದುವ ನಾನು ತಪಾಸಣೆಯೇ ಬೇಡವೆನ್ನಲಾರೆ. ಸುಂಕ ಕೊಡುವುದಕ್ಕೂ ನನ್ನ ತಕರಾರಿಲ್ಲ. 2019ರ ಬಜೆಟ್ಟು, ಅಲ್ಲಿಯವರೆಗೆ ಸುಂಕವಿಲ್ಲದೆ ಬರುತ್ತಿದ್ದ ಹೊರನಾಡಿನ ಅಚ್ಚಿನ ಪುಸ್ತಕಗಳಿಗೆ ನೂರಕ್ಕೆ 5ರಂತೆ ಸುಂಕ ಹಾಕಿತು; ಆಗಲಿ. ಆದರೆ ವಾರಕ್ಕೊಮ್ಮೆ ಗುರುಗಳು ಫೋನು ಮಾಡಿ, “ಬಂತಾ ಮಾರಾಯಾ?” ಎಂದು ಕೇಳುತ್ತಿದ್ದರು. ಯಾರೂ ಏನೂ ಹೇಳದ ಕಚೇರಿಯ ಪರವಾಗಿ ನಾನೇನು ಹೇಳಲಿ? ಬಿಲ್ಲು ಕಳುಹಿಸಿದೆ, ಗುರುತಿನ ಚೀಟಿ ಕಳುಹಿಸಿದೆ. ಐದನೆಯ ವಾರ ಒಂದು ಪ್ರಶ್ನೆ ಬಂತು: ಇದು ಪುಸ್ತಕವೋ, ಪುರಾತನ ವಸ್ತುವೋ? ಸುಂಕದ ಪಟ್ಟಿಯಲ್ಲಿ ಅಚ್ಚಿನ ಪುಸ್ತಕ 49ನೆಯ ಅಧ್ಯಾಯ, ನೂರು ವರ್ಷ ದಾಟಿದ ಪುರಾತನ ವಸ್ತು 97ನೆಯದು. ಪ್ರಶ್ನೆ ಅಸಂಬದ್ಧವೇನಲ್ಲ. ಪುರಾತನ ವಸ್ತುಗಳು ದೇಶ ಬಿಟ್ಟು ಹೋಗದಂತೆ ತಡೆಯಲು 1972ರ ಕಾಯಿದೆಯೇ ಇದೆ. ಹೋದದ್ದು ತಾನಾಗಿ ಮರಳಿ ಬಂದರೆ ಅದನ್ನು ಯಾವ ಅಧ್ಯಾಯದಲ್ಲಿ ಕೂರಿಸಬೇಕೆಂದು ಪಾಪ, ಆ ಅಧಿಕಾರಿಗೂ ತೊಡಕಾಗಿರಬೇಕು. ಹನ್ನೆರಡನೆಯ ಶತಮಾನದಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದ. ಅಂಥವನೊಬ್ಬ ಆ ಮೇಜಿನ ಹಿಂದೆ ಕೂತಿದ್ದರೆ ಪುಟ ತಿರುಗಿಸಿ ನೋಡಿಯಾದರೂ ಬಿಡುತ್ತಿದ್ದನೇನೋ. ಅಥವಾ ಓದುತ್ತ ಕೂತು ಇನ್ನೆರಡು ವಾರ ತಡಮಾಡುತ್ತಿದ್ದನೋ!

‘ಪುಸ್ತಕ’ ಎಂದೇ ಬರೆದು ಕಳುಹಿಸಿದೆ. ಕೊನೆಗೆ ಕೊಟ್ಟ ಸುಂಕ ನಾನೂರು ರೂಪಾಯಿಯೂ ಆಗಲಿಲ್ಲ.

ಅಂಚೆಯವನು ಕಟ್ಟು ತಂದ ಸಂಜೆಯೇ ಗುರುಗಳ ಮನೆಗೆ ಹೋದೆ. ಅಷ್ಟರಲ್ಲಿ ಅವರಿಗೆ ಸಣ್ಣಕ್ಷರ ಕಾಣದಾಗಿತ್ತು. ಮುಖಪುಟವನ್ನು ಬೆರಳಿನಿಂದ ಸವರಿ, “ಎಲ್ಲಿ ಅಚ್ಚಾದದ್ದು ಅಂತ ಓದು” ಎಂದರು. ಓದಿದೆ. “ನಮ್ಮೂರಿಗೆ ಬಂದದ್ದಕ್ಕೂ ಸುಂಕವಾ?” ಎಂದು ನಕ್ಕರು. ಆಮೇಲೆ ಕಂದಪದ್ಯದ ಲಕ್ಷಣ ಇರುವಲ್ಲಿಂದ ಓದಲು ಹೇಳಿದರು. ಒಂದೆಡೆ ಗಣ ತಪ್ಪಿಸಿ ಓದಿದ್ದಕ್ಕೆ, ಮೂವತ್ತು ವರ್ಷದ ಹಿಂದಿನಂತೆಯೇ, ತಡೆದು ನಿಲ್ಲಿಸಿ ತಿದ್ದಿದರು.

ಪುಸ್ತಕ ಅವರಲ್ಲೇ ಇದೆ. ಪ್ರತಿ ಭಾನುವಾರ ಹೋಗಿ ಎರಡು ಪುಟ ಓದಿ ಬರುತ್ತೇನೆ.