ಪೆಟ್ಟಿಗೆ ಹೊರುವ ವಿಲ್ಲಿ



ಕಳೆದ ಮಳೆಗಾಲದ ಒಂದು ಶನಿವಾರ ರಾತ್ರಿ ಚರ್ಚ್ ಸಭಾಂಗಣದಲ್ಲಿ ನಾವು ಇಪ್ಪತ್ತು ಮಂದಿ ಸೇರಿ ‘ಮಿಷನ್ ಇಂಪಾಸಿಬಲ್’ ಹಾಕಿದ್ದೆವು. 1996ರದ್ದು, ಟಾಮ್ ಕ್ರೂಸ್‌ನ ಮೊದಲನೆಯದು. ಹೊರಗೆ ಜಡಿಮಳೆ, ಒಳಗೆ ಚಹಾ, ನೆಲಕಡಲೆ. ನಮ್ಮ ವಾಳೆಯ ಗುರಿಕಾರ ಅಂಕಲ್ ಕೂಡ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ತಂಡದ ನಾಯಕ ಜಿಮ್ ಫೆಲ್ಪ್ಸನೇ ದ್ರೋಹಿ ಎಂದು ಬಯಲಾದದ್ದೇ ತಡ, ಅವರು ಕೊಡೆ ಹಿಡಿದು ಎದ್ದೇಬಿಟ್ಟರು. “ನಮ್ಮ ಫೆಲ್ಪ್ಸ್ ಅಂಥವನಲ್ಲ ಮಕ್ಕಳೇ” ಎಂದರು. ನಾವು ನಕ್ಕೆವು.

ಮರುದಿನ ಬಲಿಪೂಜೆ ಮುಗಿದ ಮೇಲೆ ಕೇಳಿದಾಗ ಗೊತ್ತಾಯಿತು. ಬಹ್ರೈನಿನಲ್ಲಿ ದುಡಿಯುತ್ತಿದ್ದಾಗ ಅವರು ಹಳೆಯ ಟಿ.ವಿ. ಧಾರಾವಾಹಿಯ ಕ್ಯಾಸೆಟ್ ಬಾಡಿಗೆಗೆ ತಂದು ರೂಮಿನವರ ಜೊತೆ ನೋಡುತ್ತಿದ್ದರಂತೆ. ಆಮೇಲೆ ನಾವೂ ಹುಡುಕಿ ನೋಡಿದೆವು. ಬ್ರೂಸ್ ಗೆಲ್ಲರ್ ಸೃಷ್ಟಿಸಿದ ಆ ಧಾರಾವಾಹಿ 1966ರಿಂದ 1973ರವರೆಗೆ ಅಮೆರಿಕದ ಸಿಬಿಎಸ್‌ನಲ್ಲಿ ಬಂದದ್ದು, 171 ಕಂತು. ಲಾಲೊ ಶಿಫ್ರಿನ್ ಅವರ ಆ ಸಂಗೀತ ಐದು ಮಾತ್ರೆಯ ಲಯದ್ದು. (ನಮ್ಮ ಗಾಯನ ಮಂಡಳಿಯ ಕೀಬೋರ್ಡ್ ಹುಡುಗ ಎರಡು ವಾರ ಒದ್ದಾಡಿದ, ಇನ್ನೂ ಬಂದಿಲ್ಲ.)

ನೋಡುತ್ತಾ ಹೋದಂತೆ ನಮಗೆ ಹಿಡಿಸಿದ್ದು ನಾಯಕನಲ್ಲ, ವಿಲ್ಲಿ. ಅವನಿಗೆ ಮಾತು ಕಡಿಮೆ. ಭಾರ ಎತ್ತುವುದು, ಪೆಟ್ಟಿಗೆ ಹೊರುವುದು ಅವನ ಕೆಲಸ. ಬಾರ್ನಿ ಗೋಡೆಯ ಹಿಂದೆ ನುಸುಳಿ ತಂತಿ ಜೋಡಿಸುತ್ತಾನೆ. ಕರಿಯ ನಟನೊಬ್ಬ 1966ರಲ್ಲಿ ತಂಡದ ಎಂಜಿನಿಯರ್ ಆಗಿ ಟಿ.ವಿ.ಯಲ್ಲಿ ಕಾಣಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ರೋಲಿನ್ ವೇಷ ಹಾಕುತ್ತಾನೆ, ಸಿನಮನ್ ಮಾತಿನಲ್ಲಿ ಮರುಳು ಮಾಡುತ್ತಾಳೆ. ಒಬ್ಬರ ಕೈ ಒಂದು ನಿಮಿಷ ತಡವಾದರೂ ಎಲ್ಲರೂ ಸಿಕ್ಕಿಬೀಳುತ್ತಾರೆ.

ಫೆಲ್ಪ್ಸ್ ಮೊದಲ ನಾಯಕನೂ ಅಲ್ಲ. ಮೊದಲ ಸೀಸನ್‌ನಲ್ಲಿ ಡಾನ್ ಬ್ರಿಗ್ಸ್ ಇದ್ದ. ಆ ಪಾತ್ರ ಮಾಡಿದ ಸ್ಟೀವನ್ ಹಿಲ್ ನಿಷ್ಠಾವಂತ ಯೆಹೂದಿ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಕ್ಯಾಮೆರಾ ಮುಂದೆ ನಿಲ್ಲುತ್ತಿರಲಿಲ್ಲ. ಎರಡನೇ ಸೀಸನ್‌ಗೆ ಪೀಟರ್ ಗ್ರೇವ್ಸ್ ಫೆಲ್ಪ್ಸ್ ಆಗಿ ಬಂದರು. ಬ್ರಿಗ್ಸ್ ಎಲ್ಲಿ ಹೋದ ಎಂದು ಕತೆಯಲ್ಲಿ ಯಾರೂ ಕೇಳುವುದಿಲ್ಲ, ಕೆಲಸ ನಿಲ್ಲುವುದೂ ಇಲ್ಲ.

ಸಿನಿಮಾ ಇದನ್ನೇ ತಲೆಕೆಳಗು ಮಾಡಿತು. ಪ್ರಾಗ್ ನಗರದಲ್ಲಿ ತಂಡವನ್ನೇ ಮುಗಿಸಿ, ಧಾರಾವಾಹಿಯಲ್ಲಿ ಇಲ್ಲದ ಈಥನ್ ಹಂಟ್ ಒಬ್ಬನನ್ನು ಓಡಿಸಿತು. ಗ್ರೇವ್ಸ್ ಆ ಫೆಲ್ಪ್ಸ್ ಆಗಲು ಒಪ್ಪಲಿಲ್ಲ, ಪಾತ್ರ ಜಾನ್ ವಾಯ್ಟ್‌ಗೆ ಹೋಯಿತು. ಬಾರ್ನಿಯಾಗಿದ್ದ ಗ್ರೆಗ್ ಮಾರಿಸ್ ಸಿನಿಮಾ ಮುಗಿಯುವ ಮೊದಲೇ ಎದ್ದು ಹೊರನಡೆದರಂತೆ. ನಮ್ಮ ಅಂಕಲ್ ಒಬ್ಬರೇ ಅಲ್ಲ! ಹಾಗಂತ ಸಿನಿಮಾ ಪೂರ್ತಿ ಕೆಟ್ಟದ್ದು ಎನ್ನಲಾರೆವು. ಈಥನ್ ಹಗ್ಗದಲ್ಲಿ ನೇತಾಡುವ, ಒಂದು ಹನಿ ಬೆವರೂ ನೆಲಕ್ಕೆ ಬೀಳಬಾರದ ಆ ಮೌನದ ದೃಶ್ಯದಲ್ಲಿ ಹಳೆಯ ಧಾರಾವಾಹಿಯೇ ಕಾಣುತ್ತದೆ. ಮೇಲೆ ಹಗ್ಗ ಹಿಡಿದವನೊಬ್ಬ ಇದ್ದಾನಲ್ಲ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಹೋದ ವರ್ಷ ನಮ್ಮ ಕೂಟದ ಅಧ್ಯಕ್ಷ, ಚರ್ಚ್ ಹಬ್ಬದ ನಾಟಕಕ್ಕೆ ಮೂರು ವಾರ ಇರುವಾಗ, ಕೆಲಸ ಸಿಕ್ಕಿ ಗಲ್ಫಿಗೆ ಹೋದ. ನಾಟಕ ಆಗಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ನಾವು ಬರೆದ ಮಾತುಗಳಲ್ಲಿ ‘ದ್ರೋಹಿ’ ಎಂಬುದೂ ಒಂದು. ಅವನು ಏನೂ ಹೇಳದೆ ಗುಂಪು ಬಿಟ್ಟ. ಪರದೆ, ಲೈಟು, ಮಾತು ಎಲ್ಲವನ್ನೂ ಅವನೊಬ್ಬನ ಮೇಲೆ ಹೊರಿಸಿದ್ದವರು ನಾವೇ ಎಂಬುದು ಆಗ ಹೊಳೆಯಲಿಲ್ಲ.

ಕಳೆದ ಭಾನುವಾರ ಅಂಕಲ್ ಮನೆಯ ಜಗಲಿಯಿಂದ ಅವನಿಗೆ ಫೋನ್ ಮಾಡಿ ತಪ್ಪಾಯಿತು ಎಂದೆವು. ತುಸು ಹೊತ್ತು ಸುಮ್ಮನಿದ್ದ. ಈ ಸಲ ನಾಟಕ ಉಂಟಾ ಎಂದು ಕೇಳಿದ. ಉಂಟು ಎಂದೆವು.

“ಪರದೆ ಎಳೆಯುವುದು ಯಾರು?” ಎಂದ.