ಸಾಗರದ ಸಂತೆಯಲ್ಲಿ ಕತ್ತಿ ಕೊಳ್ಳುವ ಬಗೆ

ಶಿವಮೊಗ್ಗದಿಂದ ಸುಮಾರು 70 ಕಿಲೋಮೀಟರ್ ದೂರದ ಸಾಗರಕ್ಕೆ ಹೋಗುವವರಲ್ಲಿ ಬಹಳಷ್ಟು ಮಂದಿಯ ಗಮನ ಜೋಗದ ಕಡೆಗೇ ಇರುತ್ತದೆ. ಬಿಡುವಿದ್ದವರು ಇಕ್ಕೇರಿಯ ಅಘೋರೇಶ್ವರನನ್ನೂ ಕೆಳದಿಯ ರಾಮೇಶ್ವರನನ್ನೂ ನೋಡಿ, ಗುಡಿಗಾರರ ಕೆತ್ತನೆಯ ಪೆಟ್ಟಿಗೆಯೊಂದನ್ನು ಕೊಂಡು ಹಿಂದಿರುಗುತ್ತಾರೆ. ಆದರೆ ಮಲೆನಾಡಿನ ನಿಜವಾದ ಬದುಕನ್ನು ಕಾಣಬೇಕೆಂದರೆ ಸಂತೆಗೇ ಹೋಗಬೇಕು. ಅದರಲ್ಲೂ ತರಕಾರಿ ಸಾಲು ದಾಟಿ, ಗೋಣಿಚೀಲದ ಮೇಲೆ ಕಬ್ಬಿಣದ ಸಾಮಾನು ಹರಡಿಕೊಂಡು ಕುಳಿತವರ ಮುಂದೆ ಐದು ನಿಮಿಷ ನಿಲ್ಲಬೇಕು.

ಅಲ್ಲಿ ಗುದ್ದಲಿ, ಪಿಕಾಸಿ, ಕುಡುಗೋಲು, ಮೆಟ್ಟುಗತ್ತಿಗಳ ನಡುವೆ ಸಾಲಾಗಿ ಮಲಗಿರುವುದೇ ಹಳು ಸವರುವ ಕತ್ತಿ. ಮೈಸೂರು ಸೀಮೆಯವರು ಇದಕ್ಕೆ ಮಚ್ಚು ಎಂದಾರು. ಆದರೆ ಮಲೆನಾಡಿನ ಕತ್ತಿಯ ತುದಿ ಗಿಳಿಯ ಕೊಕ್ಕಿನಂತೆ ಒಳಕ್ಕೆ ಬಾಗಿರುತ್ತದೆ. ಇದು ಅಂದಕ್ಕಾಗಿ ಮಾಡಿದ್ದಲ್ಲ. ಪೊದೆಯೊಳಗಿನ ಕೊಂಬೆಯನ್ನು ಕೊಕ್ಕಿನಿಂದ ಎಳೆದು ಕತ್ತರಿಸಬಹುದು, ನೆಲದ ಕಲ್ಲಿಗೆ ಬಾಯಿ ತಾಗದಂತೆಯೂ ಇದು ಕಾಯುತ್ತದೆ. ಕಬ್ಬು, ಹುಲ್ಲಿನಂಥ ಮೆದು ಕಾಂಡಕ್ಕೆ ಉದ್ದವಾದ, ತೆಳುವಾದ ನೇರ ಅಲಗು ಸಾಕು. ಲಂಟಾನ, ಕವಳಿ, ಬಿದಿರು ಮುಳ್ಳಿಗೆ ಅದು ಸಾಲದು. ಬೆನ್ನು ದಪ್ಪವಾಗಿರುವ, ಗಿಡ್ಡನೆಯ ಕತ್ತಿಯೇ ಬೇಕು.

ನಾನು ನಿಂತಿದ್ದಾಗ ತಾಯಿಯೊಬ್ಬರು ಪಿಯುಸಿ ಓದುವ ಮಗನೊಂದಿಗೆ ಬಂದರು. ಮನೆಯಿಂದ ಬಸ್ಸು ನಿಲ್ಲುವ ಜಾಗದವರೆಗಿನ ಕಾಲುದಾರಿ ಹಳುವಿನಿಂದ ಮುಚ್ಚಿಹೋಗಿದೆಯಂತೆ. ಚಿಕ್ಕ ಮಗಳು ಅದೇ ದಾರಿಯಲ್ಲಿ ಶಾಲೆಗೆ ಹೋಗಬೇಕು. ಹುಡುಗ ಹೊಳೆಯುವ ಬಣ್ಣದ ಹಿಡಿಯಿದ್ದ ಕತ್ತಿಯೊಂದನ್ನು ಎತ್ತಿಕೊಂಡ.

“ಅಪ್ಪೀ, ಅದು ತಗಡು ಕತ್ತರಿಸಿ ಮಾಡಿದ್ದು. ಸೊಪ್ಪು ಕೊಯ್ಯಲು ಸಾಕು, ಹಳಕ್ಕೆ ಆಗೂದಿಲ್ಲ,” ಎಂದರು ಕಮ್ಮಾರರು. “ಮತ್ತೆ ಯಾವುದು ಒಳ್ಳೇದು, ಆಚಾರ್ರೇ? ದುಡ್ಡು ಜಾಸ್ತಿ ಇಲ್ಲ,” ಎಂದರು ತಾಯಿ. “ದುಡ್ಡಿನ ಮಾತು ಆಮೇಲೆ ಅಕ್ಕಾ, ಮೊದಲು ಹುಡುಗನ ಕೈಗೆ ಕೊಟ್ಟು ನೋಡುವ.”

ಆಮೇಲೆ ನಡೆದದ್ದು ಒಂದು ಪುಟ್ಟ ಪಾಠವೇ ಸರಿ. ಹುಡುಗ ತೋಳನ್ನು ನೀಳವಾಗಿ ಚಾಚಿ ಕತ್ತಿ ಹಿಡಿಯಬೇಕು, ಐವತ್ತು ಎಣಿಸಬೇಕು. ಕೈ ನಡುಗಿದರೆ ಆ ಕತ್ತಿ ಅವನಿಗೆ ಭಾರ. ಭಾರದ ಕತ್ತಿ ಸಂಜೆಯ ಹೊತ್ತಿಗೆ ಕೈ ಜಾರಿ ಕಾಲಿಗೆ ಬೀಳುತ್ತದೆ. ಹತ್ತರಿಂದ ಹನ್ನೆರಡು ಅಂಗುಲದ ಅಲಗು ಎಳೆಯರಿಗೆ ಸಾಕು. ನಂತರ ಅಲಗನ್ನು ಬೆರಳಿನಿಂದ ತಟ್ಟಿ ಕೇಳಬೇಕು. ನಾದ ಬಂದರೆ ಸರಿ, ಒಡಕು ಸದ್ದು ಬಂದರೆ ಎಲ್ಲೋ ಬಿರುಕಿದೆ. ಬಾಯಿಯ ಮೇಲೆ ಅರ ಆಡಿಸಿದಾಗ ಅದು ಗಾಜಿನ ಮೇಲೆಂಬಂತೆ ಜಾರಿದರೆ ಹದ ಅತಿಯಾಗಿದೆ, ಗಂಟಿಗೆ ತಾಗಿದರೆ ಬಾಯಿ ಚಕ್ಕೆ ಏಳುತ್ತದೆ. ಮೇಣದಂತೆ ಸವೆದರೆ ಹದವೇ ಬಂದಿಲ್ಲ, ಬಾಯಿ ಮಡಚಿಕೊಳ್ಳುತ್ತದೆ. ಅರ ತುಸು ಕಷ್ಟಪಟ್ಟು ಕಚ್ಚಬೇಕು.

ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದ ಕತ್ತಿಗೆ ಹಳ್ಳಿಗಳಲ್ಲಿ ಹೆಚ್ಚು ಬೆಲೆ. ಅದು ಒಳ್ಳೆಯ ಉಕ್ಕು. ಆದರೆ ಉಕ್ಕಿನಷ್ಟೇ ಮುಖ್ಯ ಕುಲುಮೆಯ ಕೆಲಸ. ಕೆಂಪಗೆ ಕಾಯಿಸಿದ ಅಲಗಿನ ಬಾಯಿಯನ್ನು ನೀರಿಗೆ ಹಿಡಿದರೆ ಅದು ಗಡುಸಾಗುತ್ತದೆ. ಮತ್ತೆ ಸ್ವಲ್ಪ ಕಾಯಿಸಿದಾಗ ಆ ಗಡಸುತನ ಹದಕ್ಕೆ ಇಳಿಯುತ್ತದೆ. ಶಾಲೆಯಲ್ಲಿ ಕಬ್ಬಿಣ, ಇಂಗಾಲಗಳ ಪಾಠ ಓದುವ ಮಕ್ಕಳು ಒಮ್ಮೆ ಕುಲುಮೆಯ ಮುಂದೆ ನಿಂತರೆ ಆ ಪಾಠವನ್ನು ಮರೆಯಲಾರರು.

ಹಿಡಿಯನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ಮರದ ಎಳೆ ಉದ್ದಕ್ಕೆ ಹರಿದಿರಬೇಕು, ಗಂಟು ಇರಬಾರದು. ಅಲಗಿನ ಬಾಲ ಹಿಡಿಯನ್ನು ಪೂರ್ತಿ ದಾಟಿ ಹಿಂದೆ ಮಡಚಿಕೊಂಡಿದ್ದರೆ ಲೇಸು. ಅರ್ಧಕ್ಕೇ ನಿಂತ ಬಾಲ ಒಂದು ದಿನ ಹಿಡಿಯಿಂದ ಕಳಚಿ ಹಾರುತ್ತದೆ. ಇಷ್ಟೆಲ್ಲ ಇದ್ದೂ ಸಂತೆಯ ಕತ್ತಿ ಕೆಲವು ನೂರು ರೂಪಾಯಿಯೊಳಗೆ ಸಿಗುತ್ತದೆ. ಬಾಯಿ ಸವೆದರೆ ಅದೇ ಕಮ್ಮಾರರು ಮತ್ತೆ ಬಡಿದು ಕೊಡುತ್ತಾರೆ. ತಗಡಿನ ಕತ್ತಿಗೆ ಆ ಭಾಗ್ಯವಿಲ್ಲ.

ಈ ಸೀಮೆಯಲ್ಲಿ ದಾರಿಯ ಹಳು ಸವರುವುದಕ್ಕೆ ಇನ್ನೊಂದು ಕಾರಣವೂ ಇದೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲೇ 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು. ಉಣುಗುಗಳ ಕಡಿತದಿಂದ ಹರಡುವ ಈ ಜ್ವರ 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರ ಜೀವ ತೆಗೆಯಿತು. ಉಣುಗುಗಳು ಇರುವುದು ತರಗೆಲೆ, ಪೊದೆಗಳಲ್ಲಿ. ಕಾಯಿಲೆಯ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ. ಆದ್ದರಿಂದ ಮಳೆ ನಿಂತು ದೀಪಾವಳಿ ಮುಗಿಯುತ್ತಲೇ ಮಕ್ಕಳು ನಡೆಯುವ ದಾರಿಯನ್ನು ಅಗಲ ಮಾಡಿಕೊಳ್ಳುವುದು ಜಾಣತನ. ಮಂಗ ಸತ್ತ ಜಾಗಕ್ಕೆ ಮಾತ್ರ ಕತ್ತಿ ಹಿಡಿದು ಹೋಗಲೇಬಾರದು, ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಉಳಿದೆಡೆ ಕೆಲಸ ಮಾಡಿ ಬಂದವರೂ ಮೈ ಪರೀಕ್ಷಿಸಿಕೊಂಡು, ಬಿಸಿನೀರು, ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಒಗೆಯಲು ಹಾಕಬೇಕು.

ಕಡಿಯುವಾಗ ಪೆಟ್ಟು ಅಡ್ಡಕ್ಕೆ ಬೀಳದೆ ಓರೆಯಾಗಿ ಬೀಳಲಿ, ಕಾಲಿನ ಕಡೆಗೆ ಬರದಿರಲಿ. ಮುಳ್ಳಿನ ಪೊದೆಯನ್ನು ಎಡಗೈಯಲ್ಲಿ ಹಿಡಿಯದೆ ಕವೆಗೋಲಿನಿಂದ ಒತ್ತಿಕೊಳ್ಳಬೇಕು. ಜೊತೆಯಲ್ಲಿ ದೊಡ್ಡವರಿರಲಿ, ಆದರೆ ಕತ್ತಿ ಬೀಸಿದರೂ ತಾಗದಷ್ಟು ದೂರದಲ್ಲಿರಲಿ. ಹಾವಿನ ಭಯಕ್ಕೆ ಗಂಬೂಟು ಬೇಕೇ ಬೇಕು. ಬಸ್ಸಿನಲ್ಲಿ ತರುವಾಗ ಗೋಣಿತಾಟಿನಲ್ಲಿ ಸುತ್ತಿ ತರಬೇಕು.

ಅಮೆರಿಕದ ಉಷ್ಣವಲಯದ ಲಂಟಾನವನ್ನು ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಇಲ್ಲಿಗೆ ತಂದರು. ಬರೀ ಕಡಿದು ಬಿಟ್ಟರೆ ಅದು ಬುಡದಿಂದ ಮತ್ತೆ ಚಿಗುರುತ್ತದೆ. ಹಣ್ಣಾದರೆ ಹಕ್ಕಿಗಳು ಬೀಜ ಹರಡುತ್ತವೆ. ಆದ್ದರಿಂದ ಕತ್ತಿಯ ಹಿಂದೆಯೇ ಪಿಕಾಸಿ ಹೋಗಬೇಕು, ಕಾಯಿ ಹಣ್ಣಾಗುವ ಮೊದಲೇ ಬೇರು ಮೇಲೆ ಬರಬೇಕು. ಕೆಲಸ ಮುಗಿದ ಮೇಲೆ ಅಲಗನ್ನು ಒರೆಸಿ, ಎರಡು ಹನಿ ಎಣ್ಣೆ ಸವರಿ, ಮಕ್ಕಳ ಕೈಗೆಟುಕದಂತೆ ಎತ್ತರದಲ್ಲಿ ಸಿಕ್ಕಿಸಿಡಿ. ಆಯುಧಪೂಜೆಯ ದಿನ ಕುಂಕುಮ ಹಚ್ಚುವ ಕತ್ತಿ ವರ್ಷದ ಉಳಿದ ದಿನವೂ ಇಷ್ಟು ಆರೈಕೆ ಬಯಸುತ್ತದೆ.