ಉಸಿರು ನಿಂತ ಹೊತ್ತಿನ ಕಾವಲು

1953ರ ಮೇ 6. ಫಿಲಡೆಲ್ಫಿಯಾದ ಜೆಫರ್ಸನ್ ಆಸ್ಪತ್ರೆ. ಮೇಜಿನ ಮೇಲೆ 18ರ ಯುವತಿ, ಅವಳ ಹೃದಯದ ಗೋಡೆಯಲ್ಲಿ ತೂತು. ಡಾ. ಜಾನ್ ಗಿಬ್ಬನ್ ಹೊಲಿಗೆ ಹಾಕುತ್ತಿದ್ದಾರೆ. 26 ನಿಮಿಷ ಅವಳಿಗೆ ಹೃದಯವೂ ಯಂತ್ರವೇ, ಶ್ವಾಸಕೋಶವೂ ಯಂತ್ರವೇ! ತೂತು ಮುಚ್ಚಿತು. ಯುವತಿ ಬದುಕಿದಳು. ಹಾರ್ಟ್-ಲಂಗ್ ಮಷೀನ್ ಗೆದ್ದಿತು.

ಅಂದಿನಿಂದ ಎಲ್ಲರ ಕಣ್ಣೂ ಹೃದಯದ ಮೇಲೆ. ಆದರೆ ಅದರ ಮಗ್ಗುಲಲ್ಲೇ ಇನ್ನೊಂದು ಕಾಳಗ ನಡೆಯುತ್ತದೆ.

ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳು. ಅಲ್ಲಿನ ಕಾವಲು ಮ್ಯಾಕ್ರೋಫೇಜ್ ಎಂಬ ಜೀವಕೋಶದ್ದು. ಗೂಡಿಂದ ಗೂಡಿಗೆ ತೆವಳುತ್ತದೆ. ದೂಳಾಗಲಿ, ಬ್ಯಾಕ್ಟೀರಿಯವಾಗಲಿ, ಸಿಕ್ಕಿದ್ದನ್ನು ನುಂಗಿ ಅರಗಿಸುತ್ತದೆ.

ಹೃದಯದ ಶಸ್ತ್ರಚಿಕಿತ್ಸೆಯೊಂದು ನಡೆಯುತ್ತಿದೆ ಎನ್ನಿ. ಯಂತ್ರ ತಿರುಗತೊಡಗಿತು. ಶ್ವಾಸಕೋಶ ಕುಗ್ಗಿತು. ಬಲ ಹೃದಯದಿಂದ ಬರುತ್ತಿದ್ದ ರಕ್ತ ನಿಂತೇಹೋಯಿತು. ಶ್ವಾಸನಾಳದ ಸಣ್ಣ ಧಮನಿಗಳಲ್ಲಿ ಹರಿಯುವಷ್ಟೇ ಆಧಾರ. ಅತ್ತ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸುತ್ತುವ ರಕ್ತ ಪರಕೀಯ ವಸ್ತುವಿನ ಸ್ಪರ್ಶಕ್ಕೇ ಕೆರಳುತ್ತಿದೆ.

ಕೆಲಸ ಮುಗಿಯಿತು. ಹೃದಯ ಮಿಡಿಯಿತು! ಕೆರಳಿದ ರಕ್ತ ಒಮ್ಮೆಲೇ ಶ್ವಾಸಕೋಶಕ್ಕೆ ನುಗ್ಗಿತು. ಮ್ಯಾಕ್ರೋಫೇಜ್ ರಾಸಾಯನಿಕ ಸಂಕೇತಗಳಲ್ಲಿ ಕೂಗಿಟ್ಟಿತು: ಟಿಎನ್‌ಎಫ್, ಇಂಟರ್‌ಲ್ಯೂಕಿನ್-8! ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಧಾವಿಸಿದವು. ವೈರಿಯೇ ಇಲ್ಲದ ಕಡೆ ಯುದ್ಧ ಹೂಡಿದವು. ಲೋಮನಾಳಗಳ ಗೋಡೆ ಸೋರಿತು, ಗಾಳಿಗೂಡಿಗೆ ನೀರು ಇಳಿಯಿತು, ಆಮ್ಲಜನಕ ಕುಸಿಯಿತು.

ಈಗ ತಣಿಸುವವರು ಯಾರು? ಕೂಗಿಟ್ಟ ಅದೇ ಮ್ಯಾಕ್ರೋಫೇಜ್! ಸತ್ತ ನ್ಯೂಟ್ರೋಫಿಲ್‌ಗಳನ್ನು ನುಂಗಬೇಕು, ಉರಿಯೂತ ಇಳಿಸುವ ಇಂಟರ್‌ಲ್ಯೂಕಿನ್-10 ಸುರಿಸಬೇಕು, ಬ್ಯಾಕ್ಟೀರಿಯವನ್ನೂ ತಡೆಯಬೇಕು. ಇಷ್ಟೆಲ್ಲ ಹೊತ್ತ ಕೋಶದ ನುಂಗುವ ಶಕ್ತಿ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ಕುಂದಬಹುದು. ಗಂಟಲಲ್ಲಿ ವೆಂಟಿಲೇಟರ್ ಕೊಳವೆ, ಎದೆಯಲ್ಲಿ ಕಫ, ಮುದುಡಿದ ಗಾಳಿಗೂಡು. ನ್ಯುಮೋನಿಯಾ ಹೊಂಚುಹಾಕುವುದು ಇಲ್ಲೇ, ಈಗಲೇ.

ಆದ್ದರಿಂದಲೇ ಐಸಿಯುನಲ್ಲಿ ಅಷ್ಟು ಅವಸರ. ಆದಷ್ಟು ಬೇಗ ಕೊಳವೆ ತೆಗೆಯುತ್ತಾರೆ. ಎಬ್ಬಿಸಿ ಕೂರಿಸುತ್ತಾರೆ. ದಿಂಬನ್ನು ಎದೆಗವಚಿ ಕೆಮ್ಮಿಸುತ್ತಾರೆ. ಮೂರು ಚೆಂಡಿನ ಸ್ಪೈರೋಮೀಟರ್ ಕೈಗಿತ್ತು ಉಸಿರೆಳೆಸುತ್ತಾರೆ. ಬಾಯಿ ಶುಚಿ ಮಾಡಿಸುತ್ತಾರೆ, ನಡೆಸುತ್ತಾರೆ. ಚೆಂಡು ಮೇಲೇರಿದಾಗಲೆಲ್ಲ ಮುದುಡಿದ ಗೂಡುಗಳು ಬಿಚ್ಚಿಕೊಳ್ಳುತ್ತವೆ; ಕಫ ಹೊರಬಿದ್ದಷ್ಟೂ ದಣಿದ ಕಾವಲಿಗೆ ಹೊರೆ ಇಳಿಯುತ್ತದೆ.

ರೋಗಿಯ ಮನೆಯವರೇ, ಹೊಲಿದ ಎದೆಯ ನೋವು ನೋಡಲಾರದೆ "ಪಾಪ, ಮಲಗಿರಲಿ ಬಿಡಿ" ಎನ್ನಬೇಡಿ. ನೋವಿನ ಔಷಧಿ ಕೇಳಿ ಕೊಡಿಸಿ, ದಿಂಬು ಒತ್ತಿಹಿಡಿಯಿರಿ, ಇನ್ನೊಂದು ಉಸಿರು ಎಳೆಸಿ. ಶಸ್ತ್ರವೈದ್ಯರು ತಮ್ಮ ಪಾಲಿನ ಯುದ್ಧ ಗೆದ್ದು ಕೊಟ್ಟಿದ್ದಾರೆ. ಉಳಿದದ್ದರಲ್ಲಿ ನಿಮಗೂ ಪಾಲಿದೆ.